ಕಡಬಿನಲ್ಲಿ ಸೂಜಿ

ಮಣ್ಣೂರ, ತಾಲೂಕು ಅಫಜಲಪುರ
ಶುಕ್ರವಾರ, ತಾ. 15-1-1937

ಪ್ರೀತಿಯ ತಂಗಿ ಅಂಬೂ,

ಮೊದಲು ನಿಮ್ಮೆಲ್ಲರ ಆರೋಗ್ಯದ ಸುದ್ದಿ ಬರೆ. ಕೋಬೆಯಲ್ಲಿ ಹಿಮ ಬೀಳುವ ದಿನ ಹತ್ತಿರ ಬಂತೆಂದು ಬರೆದಿದ್ದೆ. ನಿನಗೆ ಸಣ್ಣವಳಿದ್ದಾಗಿನಿಂದಲೂ ಚಳಿಗೆ ಎದೆ ಕಟ್ಟುತ್ತದೆ; ಬೆಚ್ಚಗೆ ಹೊದ್ದುಕೊ, ನಾಚಬೇಡ. ನನ್ನ ಗೌರಾಳಿಗೆ ಎಡಗಿವಿ ಸೋರುತ್ತಿತ್ತಲ್ಲ, ನಿಂತಿದೆಯೇ? ನಿನ್ನ ಯಜಮಾನರು ದೇವಿಂದ್ರಪ್ಪನವರು ದಿನವಿಡೀ ನಿಂತು ಹತ್ತಿ ಅಂಡಿಗೆಗಳನ್ನು ಪರೀಕ್ಷೆ ಮಾಡುವವರು, ಅವರ ಕಾಲಿನ ಬಾವು ಇಳಿದಿರಬೇಕು. ನಾನು ಇದ್ದೇನೆ. ಮೊಣಕಾಲು ಏಳುವಾಗ ಒಂದು ಮಾತು ಆಡುತ್ತದೆ, ಕೂಡುವಾಗ ಒಂದು ಮಾತು ಆಡುತ್ತದೆ. ಇಲ್ಲಿ ಬಿಳಿಜೋಳ ತೆನೆ ಹಿರಿದಿದೆ, ಭೀಮೆಯಲ್ಲಿ ನೀರು ಇಳಿದಿದೆ. ಇವತ್ತು ಜುಮ್ಮಾ, ಶಾಲೆಗೆ ರಜೆ; ಅದಕ್ಕೇ ಬೆಳಗಿನಿಂದ ಕುಳಿತು ಬರೆಯುತ್ತಿದ್ದೇನೆ.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಟಪಾಲಿನ ಗೌಸಮೊಹಿದ್ದೀನ ಲಕೋಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, “ಮಾಸ್ತರ್ ಸಾಬ್, ನಿಮ್ಮ ಜಪಾನ್ ಬಂದದ ನೋಡ್ರಿ. ಚಹಾ ಕುಡಸದಿದ್ರ ವಾಪಸ್ ಕಳಸ್ತೇನಿ” ಎಂದ. ಚಹಾ ಕುಡಿಸಿದೆ. ಪತ್ರದ ಕೊನೆಯಲ್ಲಿ ನೀನು ಕೇಳಿದ ಮಾತು ನನ್ನ ತಲೆಯಲ್ಲೇ ಇದೆ, ಮರೆತಿದ್ದೇನೆಂದು ತಿಳಿಯಬೇಡ. ಮುಂಬಯಿಯ ಒಬ್ಬ ವ್ಯಾಪಾರಸ್ಥರ ಕುಟುಂಬ ಮಾರ್ಚ್ ತಿಂಗಳ ಹಡಗಿಗೆ ದೇಶಕ್ಕೆ ತಿರುಗುತ್ತದೆ, ಅವರ ಜೊತೆ ಗೌರಾಳನ್ನು ಕಳಿಸಬಹುದು. ಇಲ್ಲವಾದರೆ ಏಪ್ರಿಲ್‌ನಲ್ಲಿ ಹುಡುಗಿಯರ ದೊಡ್ಡ ಶಾಲೆಗೆ ಹೆಸರು ಹಚ್ಚಬೇಕು, ಹಚ್ಚಿದರೆ ನಾಲ್ಕು ವರ್ಷ ಅಲ್ಲೇ. ‘ಅಣ್ಣಾ, ನೀನು ತಂದೆ, ನೀನು ಹೇಳಿದ ಹಾಗೆ’ ಎಂದು ಬರೆದಿದ್ದೀ. ಅಂದೋಲಾದಿಂದ ಒಂದು ಮನೆಯವರು ಗೌರಾಳನ್ನು ಕೇಳಿ ಎರಡು ಸಲ ಹೇಳಿಕಳಿಸಿದ್ದಾರೆ. ಹುಡುಗ ಒಳ್ಳೆಯವನೇ, ನಾಲ್ಕು ಕೂರಿಗೆ ಹೊಲವಿದೆ. ಅವಳು ಬಂದಳೆಂದರೆ ಬರುವ ಬೇಸಿಗೆಯಲ್ಲೇ ಅಕ್ಷತೆ ಹಾಕಬೇಕು. ಉತ್ತರ ಕಡೆಗೆ ಬರೆಯುತ್ತೇನೆ. ನಡುವೆ ನನ್ನ ಹೊಟ್ಟೆಯಲ್ಲಿರುವುದಷ್ಟನ್ನು ಮೊದಲು ಹೊರಗೆ ಹಾಕಲು ಬಿಡು.

ಅಂಬೂ, ನಿನಗೆ ಅಕ್ಷರ ಕಲಿಸಿದವನು ನಾನು. ‘ಳ’ ಬರೆಯಲು ಹೋಗಿ ನೀನು ಪಾಟಿಯ ಮೇಲೆ ಬಸವನಹುಳು ಬರೆಯುತ್ತಿದ್ದೆ. ಈಗ ಅದೇ ಕೈಯಿಂದ ಎಂತೆಂಥದ್ದು ಬರೆದು ಕಳಿಸುತ್ತೀ. ಪುಣೆಯ ಕಾಲೇಜಿನಲ್ಲಿ ಇಂಟರ್ ಪರೀಕ್ಷೆಗೆ ನಾನು ಜಪಾನ್ ದೇಶದ ಮೇಲೆ ಎರಡು ಪುಟ ಬರೆದಿದ್ದೆ: ‘ದಿ ಇನ್‌ಹ್ಯಾಬಿಟೆಂಟ್ಸ್ ಆರ್ ಸ್ಮಾಲ್ ಅಂಡ್ ಇಂಡಸ್ಟ್ರಿಯಸ್’, ಅಂದರೆ ಅಲ್ಲಿಯ ಜನ ಗಿಡ್ಡರು, ದುಡಿಮೆಗಾರರು. ಮುಂದಿನ ಸಾಲು ಜ್ವಾಲಾಮುಖಿಗಳದು, ಅದರ ಮುಂದಿನದು ಈಗ ಮರೆತುಹೋಗಿದೆ. ಪಾಸಾಗಲಿಲ್ಲ, ಅದು ಬೇರೆ ಮಾತು. ನಕಾಶೆಯಲ್ಲಿ ಆ ದೇಶದ ಮೇಲೆ ಬೆರಳಿಟ್ಟು, ಒಂದು ದಿನ ಹೋಗಬೇಕು ಎಂದುಕೊಂಡವನು ನಾನು. ಭೀಮೆ ದಾಟಲು ಹರಿಗೋಲು ಹತ್ತಿದರೆ ಕಣ್ಣು ಮುಚ್ಚಿ ನನ್ನ ಅಂಗಿ ಹಿಡಿಯುತ್ತಿದ್ದವಳು ನೀನು. ಹೋದವಳು ನೀನು.

ಹೋಗಿ ಸುಮ್ಮನೆಯೂ ಇರುವುದಿಲ್ಲ. ಒಂದು ವಾರದಲ್ಲಿ ಉದುರಿಹೋಗುವ ಹೂವನ್ನು ನೋಡಲು ಕಚೇರಿಯ ಸಾಹೇಬರೆಲ್ಲ ಚಾಪೆ ಹೊತ್ತು ಮರದ ಕೆಳಗೆ ಹೋಗಿ ಕೂಡುತ್ತಾರೆಂದು ಬರೆದೆ. ಇಲ್ಲಿ ಕುಸುಬಿ ಹೂ ಬಿಟ್ಟಾಗ ಹೊಲಕ್ಕೆ ಹೊಲವೇ ಕೆಂಡದಂತೆ ಕಾಣುತ್ತದೆ, ಯಾವ ತಹಶೀಲದಾರ ಬಂದು ಕುಳಿತಿದ್ದಾನೆ? ಕೆಂಪಾದ ಎಲೆಗಳನ್ನು ಹಿಟ್ಟಿನಲ್ಲಿ ಅದ್ದಿ ಭಜಿಯಂತೆ ಕರಿದು ತಿನ್ನುತ್ತಾರೆಂದು ಬರೆದೆ. ನಾರಾ ಎಂಬ ಊರಿನ ಜಿಂಕೆಗಳು ತಿನಿಸು ಬೇಕಾದರೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತವೆಂದು ಬರೆದೆ. ನಮ್ಮ ಹೊಲಕ್ಕೆ ಬರುವ ಚಿಗರಿಗಳು ನಮಸ್ಕಾರವಿಲ್ಲದೆಯೇ ಕಡಲೆ ತಿಂದು ಹೋಗುತ್ತವೆ. ಚಳಿಗಾಲಕ್ಕೆ ಮರಗಳಿಗೆ ಹುಲ್ಲಿನ ಅಂಗಿ ಸುತ್ತುತ್ತಾರಂತೆ. ಜೀರುಂಡೆಗಳನ್ನು ಸಣ್ಣ ಬಿದಿರಿನ ಪಂಜರದಲ್ಲಿಟ್ಟು ಪೇಟೆಯಲ್ಲಿ ಮಾರುತ್ತಾರಂತೆ, ಜನ ಕೊಂಡು ತಂದು ಸಂಜೆ ಅದರ ದನಿ ಕೇಳುತ್ತ ಕೂಡುತ್ತಾರಂತೆ. ನಮ್ಮ ಮನೆಯ ಹಿತ್ತಲಲ್ಲಿ ಹುಟ್ಟಿದಾಗಿನಿಂದ ಜೀರುಂಡೆ ಕೇಳಿ ಬೆಳೆದವಳು ನೀನು. ಒಂದು ದಿನವೂ ‘ಅಣ್ಣಾ, ಎಷ್ಟು ಚೆಂದ’ ಎಂದವಳಲ್ಲ. ಜಪಾನಿನ ಜೀರುಂಡೆಯ ದನಿಗೆ ಒಂದು ಪುಟ ಬರೆದಿದ್ದೀ. ಓದಿ ಮುಗಿಸಿ ನಾನು ಹಿತ್ತಲಿಗೆ ಹೋಗಿ ನಿಂತೆ. ನಮ್ಮವು ಆ ಸಂಜೆ ಸುಮ್ಮನಿದ್ದವು.

ಇವೆಲ್ಲವನ್ನೂ ತಡೆದುಕೊಂಡೇನು. ನಿನ್ನ ಪತ್ರದೊಳಗೆ ಮಡಿಚಿಟ್ಟಿದ್ದ ಗೌರಾಳ ಚೀಟಿಯನ್ನು ತಡೆದುಕೊಳ್ಳಲಾಗಲಿಲ್ಲ. ಅಕ್ಷರ ದುಂಡಗಿವೆ, ತಪ್ಪಿಲ್ಲ. ತಾರೀಖಿನ ಜಾಗದಲ್ಲಿ ಹನ್ನೊಂದನೆಯ ವರ್ಷ ಎಂದು ಹಾಕಿದ್ದಾಳೆ; ಅಲ್ಲಿ ದೊರೆ ಪಟ್ಟಕ್ಕೆ ಬಂದಂದಿನಿಂದ ವರ್ಷ ಎಣಿಸುತ್ತಾರೆಂದು ನನಗೇ ಪಾಠ ಹೇಳಿದ್ದಾಳೆ. ಮುಂದೆ, ‘ಅವ್ವ ಮತ್ತು ನಾನು ಮುರಿದ ಸೂಜಿಗಳನ್ನು ಗುಡಿಗೆ ಒಯ್ದಿದ್ದೆವು’ ಎಂದು ಬರೆದಿದ್ದಾಳೆ. ಅವ್ವ ಯಾರು? ಹೋದ ವರ್ಷದ ಚೀಟಿಯಲ್ಲಿ ನೀನು ಅತ್ತಿ ಇದ್ದೆ. ಅವಳನ್ನು ಹೆತ್ತ ನಿಂಬೆವ್ವ ತೀರಿಕೊಂಡಾಗ ಕೂಸು ಏಳು ವರ್ಷದ್ದು. ಗಂಡಸು ಒಬ್ಬನೇ ಹೆಣ್ಣುಕೂಸನ್ನು ಹೇಗೆ ನೋಡಿಕೊಂಡಾನು ಎಂದು ನೀನೇ ಎತ್ತಿಕೊಂಡೆ, ನಾನೇ ಕೊಟ್ಟೆ. ಆದರೆ ನಾನು ಕೊಟ್ಟದ್ದು ಕೂಸನ್ನು ಮಾತ್ರ, ಆ ಹೆಸರನ್ನಲ್ಲ. ಕಾಲೇಜಿನಲ್ಲಿ ನಮ್ಮ ಪ್ರೊಫೆಸರ್ ಒಬ್ಬರು ಎನ್ವಿ, ಜೆಲಸಿ ಎಂಬ ಎರಡು ಮಾತುಗಳ ವ್ಯತ್ಯಾಸ ಹೇಳಿದ್ದರು. ಒಂದು, ಮಂದಿಯದು ತನಗೆ ಬೇಕೆನ್ನುವುದು. ಇನ್ನೊಂದು, ತನ್ನದು ಮಂದಿಗೆ ಹೋದೀತೆಂದು ಕಾಯುವುದು. ಯಾವುದು ಯಾವುದಕ್ಕೆ ಎಂಬುದು ಈಗ ಮರೆತಿದೆ. ನಿನ್ನ ವಿಷಯದಲ್ಲಿ ಮರೆತರೂ ನಡೆಯುತ್ತದೆ, ಎರಡೂ ನನಗಿವೆ.

ಆಮೇಲೆ ಆ ಸೂಜಿಯ ಸಂಗತಿಯನ್ನು ಮತ್ತೆ ಓದಿದೆ. ವರ್ಷವಿಡೀ ಹೊಲಿದು ಮುರಿದ ಸೂಜಿಗಳನ್ನು ಬಿಸಾಡದೆ ಕೂಡಿಟ್ಟು, ಡಿಸೆಂಬರ್ ಎಂಟಕ್ಕೆ ಹೆಂಗಸರು ಗುಡಿಗೆ ಒಯ್ಯುತ್ತಾರೆ. ಕಾಳು ಅರೆದು ಹೆಪ್ಪು ಹಾಕಿದ, ಗಿಣ್ಣದಂಥ ಮೆತ್ತಗಿನ ಗಡ್ಡೆಯೊಳಗೆ ಅವನ್ನು ಚುಚ್ಚಿ, ಇಷ್ಟು ದಿನ ಗಟ್ಟಿ ಬಟ್ಟೆಯಲ್ಲಿ ದುಡಿದಿರಿ, ಇನ್ನು ಮೆತ್ತಗೆ ಮಲಗಿರಿ ಎಂದು ಕೈಮುಗಿಯುತ್ತಾರೆ. ಸುಳ್ಳು ಯಾಕೆ ಹೇಳಲಿ, ಚೆಂದವೇ ಇದೆ. ಚೆಂದವಿದ್ದುದಕ್ಕೇ ಹೊಟ್ಟೆ ಉರಿಯಿತು. ನಿಂಬೆವ್ವ ಕೌದಿ ಹೊಲಿಯುತ್ತಿದ್ದುದು ನಿನಗೆ ಗೊತ್ತು, ಹತ್ತು ಪದರ ಹಳೆ ಸೀರೆಯನ್ನು ಒಂದೇ ಸೂಜಿಯಲ್ಲಿ ದಾಟಿಸುವವಳು. ಅವಳ ತಗಡಿನ ಡಬ್ಬಿ ಜಂತಿಯ ಸಂದಿನಲ್ಲಿ ಹಾಗೇ ಇತ್ತು. ತೆರೆದರೆ ಹನ್ನೊಂದು ಮುರಿದ ಸೂಜಿಗಳು. ಅವಳೂ ಬಿಸಾಡಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಇದನ್ನು ಮಾಡಬೇಕು, ಮಾಡಿ ಗೌರಾಳಿಗೆ ಒಂದು ಚೆಂದದ ಪತ್ರ ಬರೆಯಬೇಕು, ಅದನ್ನೋದಿ ಅವಳು ತಾನಾಗಿಯೇ ‘ನಾನು ಮಣ್ಣೂರಿಗೆ ಹೋಗುತ್ತೇನೆ’ ಎನ್ನಬೇಕು ಎಂದು ಹವಣಿಕೆ ಹಾಕಿದೆ. ಆಗ ನೀನು ತಡೆಯುವಂತಿಲ್ಲ, ನಾನು ಕರೆಸಿದಂತೆಯೂ ಅಲ್ಲ. ಇಂಥ ತಲೆ ಇಂಟರ್ ಪರೀಕ್ಷೆಯಲ್ಲಿ ಓಡಿದ್ದರೆ ನಾನು ಇಷ್ಟು ಹೊತ್ತಿಗೆ ಇನ್‌ಸ್ಪೆಕ್ಟರ್ ಆಗಿರುತ್ತಿದ್ದೆ.

ಮಂಗಳವಾರ ಎಳ್ಳ ಅಮಾವಾಸ್ಯೆ. ನಮ್ಮ ಹೊಲವನ್ನು ಪಾಲಿಗೆ ಮಾಡುವ ಹುಲೆಪ್ಪನ ಹೆಂಡತಿ ಮಲ್ಕಮ್ಮ ಬೆಳಿಗ್ಗೆಯೇ ನನಗೆ ಆರು ಸಜ್ಜೆ ಕಡಬು ಕೊಟ್ಟುಹೋಗಿದ್ದಳು. ಹಬೆಯಲ್ಲಿ ಬೆಂದ ಕಡಬಿಗಿಂತ ಮೆತ್ತಗಿನದು ನಮ್ಮಲ್ಲಿ ಏನಿದೆ? ಹನ್ನೊಂದು ತುಂಡುಗಳನ್ನೂ ಅವುಗಳೊಳಗೆ ಪೂರಾ ತೂರಿಸಿ, ಎಲೆಯ ಮೇಲಿಟ್ಟು, ಸಂಜೆ ಭೀಮೆಗೆ ಬಿಡಬೇಕೆಂದುಕೊಂಡು ಸ್ನಾನಕ್ಕೆ ಹೋದೆ. ಅಷ್ಟರಲ್ಲಿ ಹೊಲಕ್ಕೆ ಹೊರಟ ಮಲ್ಕಮ್ಮ ಒಳಗೆ ಇಣುಕಿದ್ದಾಳೆ. ಎಲೆಯ ಮೇಲೆ ಮುಟ್ಟದ ಕಡಬು ಕಂಡಿವೆ. ಮಾಸ್ತರರು ಹೊಲದಲ್ಲಿ ಭೂಮ್ತಾಯಿಗೆ ಚೆಲ್ಲುವ ಚರಗಕ್ಕೆಂದು ತೆಗೆದಿಟ್ಟಿದ್ದಾರೆಂದು ತಿಳಿದು ಬುಟ್ಟಿಗೆ ಹಾಕಿಕೊಂಡು ನಡೆದಿದ್ದಾಳೆ. ನಾನು ಮೈ ಒರೆಸಿಕೊಂಡು ಬಂದು ನೋಡಿದರೆ ಬರಿಯ ಎಲೆ. ಮೊಣಕಾಲು ಮರೆತು ಓಡಿದೆ. ಹೊಲ ಮುಟ್ಟುವಷ್ಟರಲ್ಲಿ ಹುಲೆಪ್ಪ ಕಡಬು, ಬಾನ, ಪಲ್ಯ ಎಲ್ಲ ಕೂಡಿಸಿ ಹಿಸುಕಿ ಜೋಳದ ಸಾಲುಗಳಲ್ಲಿ ಚರಗ ಚೆಲ್ಲಿ ಮುಗಿಸಿ, ಹೆಬ್ಬೆರಳು ಚೀಪುತ್ತ ನಿಂತಿದ್ದ. “ಕಡಬಿನ್ಯಾಗ ಜಾಲಿಮುಳ್ಳು ಹ್ಯಾಂಗ ಬಂತಬೇ? ಹಿಟ್ಟು ಜರಡಿ ಹಿಡದಿಲ್ಲೇನು?” “ನಿಮ್ಮ ಕಣ್ಣು ಜರಡಿ ಹಿಡಕೋರಿ ಮೊದಲ.” ಇದು ಗಂಡಹೆಂಡಿರ ಮಾತು. ಆಗ ನಾನು ಬಾಯಿ ಬಿಡಬೇಕಾಯಿತು.

ಆಮೇಲಿನದನ್ನು ಬರೆಯಲು ನಾಚಿಕೆ. ಮುಂದಿನ ತಿಂಗಳು ಆಳುಗಳು ಬರಿಗೈಯಲ್ಲಿ ಜೋಳ ಕೀಳುವ ಹೊಲ, ಬರಿಗಾಲಲ್ಲಿ ಓಡಾಡುವ ಜನ, ಬದುವಿನಲ್ಲಿ ಎತ್ತು. ಬಿಡುವಂತಿಲ್ಲ. ಶಾಲೆಗೆ ಹೋಗಿ ಲಾಳದಾಕಾರದ ಸೂಜಿಗಲ್ಲು ತಂದು, ದಾರ ಕಟ್ಟಿ, ಸಾಲು ಸಾಲಿನಲ್ಲಿ ಕರಿಮಣ್ಣಿನ ಮೇಲೆ ಎಳೆಯುತ್ತ ನಡೆದೆ. ಹಬ್ಬದ ಊಟಕ್ಕೆ ಬಂದಿದ್ದ ಸುತ್ತಿನ ಹೊಲದವರೆಲ್ಲ ರೊಟ್ಟಿ ಕೈಯಲ್ಲಿ ಹಿಡಿದೇ ನೋಡಲು ಬಂದರು. ಹುಲೆಪ್ಪ, “ಮಾಸ್ತರ್, ನನ್ನ ಎತ್ತಿನ ಹೊಟ್ಟ್ಯಾಗ ಸೂಜಿ ಹೋದ್ರ ದವಾಖಾನಿಗಿ ಜಪಾನಕ್ಕ ಒಯ್ಯಲೇನ್ರಿ?” ಎಂದು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆಯೊಳಗೆ ಒಂಬತ್ತು ಸಿಕ್ಕವು, ಮರುದಿನ ಇನ್ನೊಂದು. ಹನ್ನೊಂದನೆಯದು ಇನ್ನೂ ಸಿಕ್ಕಿಲ್ಲ. ನಿನ್ನೆಯೂ ಹೋಗಿ ಎಳೆದೆ, ಇವತ್ತು ಸಂಜೆ ಮತ್ತೆ ಹೋಗಬೇಕು.

ನನ್ನ ಜೊತೆ ಬಗ್ಗಿ ಹುಡುಕುತ್ತಿದ್ದವಳು ಮಲ್ಕಮ್ಮ ಒಬ್ಬಳೇ. ಅವಳು ನಗಲಿಲ್ಲ. “ಅಕ್ಕನ ಸೂಜಿಗೆ ಇವತ್ತು ಇಷ್ಟ್ ಮಾಡ್ತೀರಿ. ಅಕ್ಕ ಇದ್ದಾಗ ಒಂದ್ ದಿನರೆ ಸೂಜಿಗೆ ದಾರ ಪೋಣ್ಸಿ ಕೊಟ್ಟಿದ್ರೇನ್ರಿ?” ಎಂದಳು. ಕೊಟ್ಟಿರಲಿಲ್ಲ. ಮಾತು ತಿರುಗಿಸಲೆಂದು, ಗೌರಾ ಬಂದರೆ ಕೊಡುತ್ತೇನೆ, ಮಾರ್ಚ್ ಹಡಗಿಗೆ ಕರೆಸುತ್ತೇನೆ ಎಂದೆ. ಅವಳು ಸೊಂಟ ನೆಟ್ಟಗೆ ಮಾಡಿ ನಿಂತು ಕೇಳಿದಳು: “ಕರಸ್ರಿ. ಬಂದ ಮ್ಯಾಲ ಏನ್ ಮಾಡಸ್ತೀರಿ? ಕಡಬು ಮಾಡೂದು ಕಲೀಬೇಕಂದ್ರ ನನ್ನ ಹಂತೇಕ ಬಿಡ್ರಿ, ಎಂಟ್ ದಿನದಾಗ ಕಲಸ್ತೇನಿ. ಒಂಬತ್ತನೇ ದಿನ ಏನ್ರಿ?” ನಾನು, ನಿನ್ನ ಕಡಬಿಗೆ ಉಪ್ಪು ಹೆಚ್ಚಾಗಿದೆ ಎಂದೆ.

ನನ್ನ ಶಾಲೆಯ ಸ್ಥಿತಿ ನಿನಗೆ ಗೊತ್ತಿಲ್ಲ. ಹೋದ ವರ್ಷ ಮೂರನೆಯ ಇಯತ್ತೆಯಲ್ಲಿ ನಾಲ್ಕು ಹೆಣ್ಣುಮಕ್ಕಳಿದ್ದರು. ಚಾಂದಬೀ ಎಂಬ ಹುಡುಗಿ ನನಗಿಂತ ಬೇಗ ಲೆಕ್ಕ ಬಿಡಿಸುತ್ತಿದ್ದಳು. ನಾಲ್ಕನೆಯದಕ್ಕೆ ಒಬ್ಬಳೂ ಬರಲಿಲ್ಲ. ಕರೆಯಲು ಚಾಂದಬೀಯ ಮನೆಗೆ ನಾನೇ ಹೋಗಿದ್ದೆ. ಅವಳ ತಂದೆ ಬಹಳ ಮರ್ಯಾದೆಯಿಂದ ಕೂಡಿಸಿ, “ಮಾಸ್ತರ್ ಸಾಬ್, ನಿಮ್ಮ ಮಗಳು ಇಲ್ಲೇ ಇದ್ದಿದ್ರ ನೀವು ಕಳಸ್ತಿದ್ರೇನ್ರಿ?” ಎಂದು ಕೇಳಿದ್ದ. ಯಾಕೆ ಕಳಿಸುವುದಿಲ್ಲ ಎಂದು ಜೋರಾಗಿಯೇ ಹೇಳಿಬಂದಿದ್ದೆ. ಮೊನ್ನೆ ಹೊಲದಲ್ಲಿ ಬಗ್ಗಿದ್ದಾಗ ಆ ಜೋರು ಎಲ್ಲಿ ಹೋಯಿತೋ ತಿಳಿಯದು. ಅಂದೋಲಾದವರು ಇನ್ನೊಮ್ಮೆ ಹೇಳಿಕಳಿಸಿದರೆ ಏನು ಹೇಳಬೇಕೆಂದು ಮಾತು ಕೂಡಿಸುತ್ತಿದ್ದೇನೆ.

ಇನ್ನು ಬರೆದರೆ ಬರಿಯ ಹೊಟ್ಟೆಕಿಚ್ಚನ್ನೇ ಬರೆಯುತ್ತೇನೆ. ನಿನ್ನೆ ಸಂಕ್ರಮಣ, ಲಕೋಟೆಯಲ್ಲಿ ನಾಲ್ಕು ಕುಸುರೆಳ್ಳು ಇಟ್ಟಿದ್ದೇನೆ, ಪುಡಿಯಾಗಿದ್ದರೆ ಪುಡಿಯನ್ನೇ ಹಂಚಿಕೊಂಡು ತಿನ್ನಿರಿ. ದೇವಿಂದ್ರಪ್ಪನವರಿಗೆ ನನ್ನ ಶರಣು ಹೇಳು. ಗೌರಾಳ ತಲೆಯ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಾಡಿಸು, ಒಮ್ಮೆ ಸಾಕು. ನಿನ್ನ ಮನೆ ತಣ್ಣಗಿರಲಿ, ಉಡಿ ತುಂಬಿರಲಿ.

ನಿನ್ನ ಅಣ್ಣ,
ಚಂದ್ರಾಮಪ್ಪ

ತಾ.ಕ.: ಗೌಸಮೊಹಿದ್ದೀನ ನಮಾಜು ಮುಗಿಸಿ ಅಫಜಲಪುರಕ್ಕೆ ಹೊರಟು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಗೌರಾಳನ್ನು ಮಾರ್ಚ್ ಹಡಗಿಗೆ ಹತ್ತಿಸಬೇಡ. ಶಾಲೆಗೆ ಹೆಸರು ಹಚ್ಚು. ಕಾಗದಪತ್ರದಲ್ಲಿ ತಂದೆಯ ಹೆಸರು ಕೇಳುತ್ತಾರೆ. ಹತ್ತಿರ ಇರುವವರದೇ ಬರೆದರೆ ಸಲೀಸು ಎಂದು ಯಾರಾದರೂ ಹೇಳಿಯಾರು, ಕೇಳಬೇಡ. ನನ್ನದನ್ನು ಬರೆ, ಊರು ಮಣ್ಣೂರ ಎಂದು ಪೂರಾ ಬರೆ. ತಾಯಿಯ ಹೆಸರಿನ ಮುಂದೆ ನಿಂಬೆವ್ವ. ಮನೆಯಲ್ಲಿ ಅವಳು ನಿನ್ನನ್ನು ಅವ್ವ ಎಂದೇ ಕರೆಯಲಿ, ಬಿಡಿಸಬೇಡ. ಆದರೆ ನನಗೆ ಬರೆಯುವ ಚೀಟಿಯಲ್ಲಿ ಒಂದು ವರ್ಷ ಅತ್ತಿ ಎಂದೇ ಬರೆಯಲು ಹೇಳು. ಅಷ್ಟರಲ್ಲಿ ನಾನು ರೂಢಿ ಮಾಡಿಕೊಳ್ಳುತ್ತೇನೆ.