ತೊಳೆದ ಉಪ್ಪು

ಅಜ್ಜಂಪುರ
೧೨-೨-೧೯೮೭

ಪ್ರೀತಿಯ ಮಗಳು ವಿಮಲಾ,

ಅರಸೀಕೆರೆಯಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ತಾನೆ? ನಿನಗೆ ಮೂರು ತಿಂಗಳೆಂದು ತಿಳಿದು ನಿನ್ನ ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ತಡೆಯಲು ಹೋದ ನನ್ನ ಬಾಯಿಗೂ ಒಂದು ಹಿಡಿ ಬಿತ್ತು. ವಾಂತಿ ಕಡಿಮೆಯಾಯಿತೇ?

ಇನ್ನು ನಿನ್ನ ಮಗಳು ಪಂಕಜಳ ವಿಷಯ. ಎಂಟು ತಿಂಗಳಿಂದ ನಿನಗೆ 'ಚೆನ್ನಾಗಿದ್ದಾಳೆ' ಎಂದಷ್ಟೇ ಬರೆದೆ. ಅದು ಅರ್ಧ ಸುಳ್ಳು. ಅಳಿಯಂದಿರಿಗೆ ವರ್ಷಕ್ಕೊಂದು ವರ್ಗವೆಂದು ನೀನು ನಮ್ಮನ್ನು ನಂಬಿ ಬಿಟ್ಟುಹೋದ ಮಗು, ಎರಡನೇ ತರಗತಿಯಲ್ಲಿ ಸ್ಲೇಟಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿತ್ತು. ನಿನ್ನೆ ಕಲಿತದ್ದು ಇಂದಿಗೆ ನೆನಪಿಲ್ಲ. ಓಬಳಪ್ಪ ಮೇಷ್ಟ್ರು ಅಂಗಡಿಗೇ ಬಂದು, "ಈ ಹುಡುಗಿ ತಲೆಗೆ ಓದು ಹತ್ತಲ್ಲ ಕಣ್ರೀ ಷಣ್ಮುಖಪ್ಪ, ಬಿಡಿಸಿ ಮನೆಕೆಲಸ ಕಲಿಸಿ" ಅಂದರು. ಊರಿಗೆಲ್ಲ ಮಾತು ಮಾರುವ ನಾನು ಅವತ್ತು ಹೊತ್ತಿಗೆ ಮೊದಲೇ ಅಂಗಡಿ ಮುಚ್ಚಿ ಮನೆಗೆ ಬಂದೆ. ನನ್ನ ಮೂರನೇ ಕ್ಲಾಸು ತಕ್ಕಡಿ ಹಿಡಿಯುವುದಕ್ಕೆ ಸಾಕಾಯಿತು. ಅವಳ ಪಾಲಿಗೆ ಅದಕ್ಕಿಂತ ಹೆಚ್ಚಿನದು ಬೇಡಿಕೊಂಡಿದ್ದೆ.

ಮರುದಿನವೇ ನಾನೂ ನಿನ್ನ ಅವ್ವನೂ ಮಗುವನ್ನು ತರೀಕೆರೆಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರಮ್ಮ ಮಗುವಿನ ಕೊರಳು ಮುಟ್ಟಿ ನೋಡಿ, ಇದು ಗಳಗಂಡ, ಉಪ್ಪಿನಲ್ಲಿ ಸಿಗಬೇಕಾದ ಅಯೋಡಿನ್ ಸಿಗದಿದ್ದರೆ ಮಕ್ಕಳು ಹೀಗೆ ಮಂಕಾಗುತ್ತಾರೆ ಎಂದರು. "ಮನೇಲಿ ಯಾವ ಉಪ್ಪು?" ನಾನು ಎದೆಯುಬ್ಬಿಸಿದೆ: "ಅಯೋಡಿನ್ ಹಾಕಿದ್ದೇ ತಾಯಿ, ಸುತ್ತಲ ಹಳ್ಳಿಗೆಲ್ಲ ನಮ್ಮಂಗಡಿ ಮೂಟೆನೇ ಹೋಗೋದು." ನಿನ್ನ ಅವ್ವ ನನಗಿಂತ ಮುಂದೆ: "ಹಂಗೇ ಹಾಕಲ್ಲ ಕಣವ್ವಾ, ಕಲ್ಲುಪ್ಪನ್ನ ಮೂರು ನೀರಲ್ಲಿ ತೊಳ್ದು, ಮೊರದಲ್ಲಿ ಒಣಗಿಸೇ ಗಡಿಗೆಗೆ ತುಂಬೋದು." ಡಾಕ್ಟರಮ್ಮ ಹಣೆ ಹಿಡಿದುಕೊಂಡರು. "ಅಯೋಡಿನ್ ಇರೋದು ಹರಳಿನ ಮೇಲೆ ಕಣ್ರೀ! ಮಗೂಗೆ ಸೇರಬೇಕಾದ್ದನ್ನೆಲ್ಲ ಬಚ್ಚಲಿಗೆ ಕುಡಿಸಿದ್ದೀರಿ." ನಿನ್ನ ಅವ್ವನನ್ನು ಬೈಯಲು ನನಗೆ ಬಾಯೆಲ್ಲಿದೆ? "ತೊಳ್ದು ನೋಡ್ರೀ, ಮಲ್ಲಿಗೆ ಹಂಗೆ ಬೆಳ್ಳಗಾಗ್ತದೆ" ಎಂದು ಗಿರಾಕಿಗಳಿಗೆ ಕೂಗಿದವನು ನಾನೇ. ಈಗ ಅದೇ ಗಿರಾಕಿಗಳನ್ನು ಕರೆದು ಕರೆದು, ತೊಳೆಯಬೇಡಿ, ಮುಚ್ಚಳ ಹಾಕಿಡಿ ಎನ್ನುತ್ತಿದ್ದೇನೆ. ಷಣ್ಮುಖಪ್ಪನಿಗೆ ವಯಸ್ಸಾಯ್ತು ಅಂತಾರೆ. ಅವ್ವನನ್ನು ನೋಡಿ ಕಲಿತವಳು, ನೀನೂ ಇನ್ನು ತೊಳೆಯಬೇಡ.

ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ ತಪ್ಪದೆ ಕೊಟ್ಟೆವು. ದೀಪಾವಳಿ ಹೊತ್ತಿಗೆ ಕೊರಳು ಇಳಿಯಿತು, ನಿದ್ದೆ ಬಿಟ್ಟಿತು. ಮೊನ್ನೆ ಚೌಕಾಬಾರ ಆಡುವಾಗ ಪಟ್ಟೆಂದು ನನ್ನ ಕೈ ಹಿಡಿದಳು: "ತಾತಾ, ಬಿದ್ದಿದ್ದು ಮೂರು, ನೀನು ನಡ್ಸಿದ್ದು ನಾಲ್ಕು. ಹಿಂದಕ್ಕೆ ಬಾ!" ಎಷ್ಟು ವರ್ಷದ ನನ್ನ ಮೋಸ ಇವತ್ತು ಸಿಕ್ಕಿಬಿತ್ತಲ್ಲ ಎಂದು ಕಣ್ಣು ತುಂಬಿಬಂತು ಕಣೇ. ಮೇಷ್ಟ್ರು ಬರುವ ಜೂನಿನ ಮೂರನೇ ತರಗತಿಗೆ ಈಗಲೇ ಹೆಸರು ಬರೆದುಕೊಂಡರು. ಹಳೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಳಿಯಂದಿರಿಗೆ ನಮ್ಮ ಶರಣು. ನಿನಗೆ ಅವ್ವನದೂ ನನ್ನದೂ ಸೇರಿಸಿ ತುಂಬಿದ ಆಶೀರ್ವಾದ.

ನಿನ್ನ ಅಪ್ಪ,
ಷಣ್ಮುಖಪ್ಪ

ಮರೆಯದೆ ಓದು: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಹೋದ ಯುಗಾದಿಗೆ ಬಂದಾಗ ನಿನ್ನ ಕೊರಳು ದುಂಡಗಾಗಿತ್ತು. ಮೈ ತುಂಬಿಕೊಂಡಿದ್ದಾಳೆ, ಲಕ್ಷಣ ಎಂದು ನಾನೇ ಹೊಗಳಿದೆ. ನಿನ್ನೆ ಡಾಕ್ಟರಮ್ಮನಿಗೆ ಹೇಳಿದೆ. ಅದೂ ಗಳಗಂಡವೇ ಇರಬಹುದಂತೆ. ಹೊಟ್ಟೆಯಲ್ಲಿರುವಾಗಲೇ ಮಗುವಿನ ಮಿದುಳು ಬೆಳೆಯುವುದಂತೆ, ಮೂರು ತಿಂಗಳೆಂದರೆ ಇನ್ನೂ ಕೈಮೀರಿಲ್ಲವಂತೆ. ಕಾಗದ ಮಡಚಿಡು, ಅಳಿಯಂದಿರನ್ನು ಕರೆದುಕೊಂಡು ಇವತ್ತೇ ಅಲ್ಲಿಯ ಆಸ್ಪತ್ರೆಗೆ ಹೋಗಿ ಕೊರಳು ತೋರಿಸು.