ಫ್ಲಾರೆನ್ಸ್‌ವರೆಗೆ ಹೋದ ಉಡಿಯಕ್ಕಿ

ತಿಕೋಟಾ, ೧೯೬೪

ಅವ್ವಾ,

ಗೆದ್ದು ಬಂದೆವು! ಇವರ ಜರ್ಮನಿಯ ತರಬೇತಿ ಮುಗಿದ ಮೇಲೆ ಹೆಗಲಿಗೊಂದೊಂದು ಚೀಲ, ಬೆನ್ನಿಗೆ ನಿನ್ನ ಮೊಮ್ಮಗಳು, ಇಷ್ಟರಲ್ಲೇ ವಿಯೆನ್ನಾ, ಫ್ಲಾರೆನ್ಸ್, ರೋಮ್ ಎಲ್ಲ ಸುತ್ತಿದೆವು. ಈಗ ಕೂಸು ಪಕ್ಕದಲ್ಲೇ ಮಲಗಿದೆ. ಅದರ ಉಸಿರು ನೋಡುತ್ತ ನನಗೆ ನಿದ್ದೆಯಿಲ್ಲ.

ಹೊರಡುವಾಗ ನೀನು ಉಡಿ ತುಂಬುತ್ತಿದ್ದೆ. "ಸಾಕ ಬೇ, ಚೀಲ ವಜ್ಜಿ ಆಗತೈತಿ" ಅಂದೆ ನಾನು. "ಉಡಿಯಕ್ಕಿಗಿ ವಜ್ಜಿ ಅನಬ್ಯಾಡ, ಹುಚ್ಚಿ" ಎಂದು ಇನ್ನೊಂದು ಬೊಗಸೆ ಸುರಿದೆ. ಇವರು ತಮ್ಮದೊಂದು ಅಂಗಿ ಬಿಟ್ಟು ಅಕ್ಕಿಗೆ ಜಾಗ ಮಾಡಿದರು.

ಫ್ಲಾರೆನ್ಸಿನಲ್ಲಿ ಕೂಸಿಗೆ ಜ್ವರ ಬಂತು. ಹಾಲು, ಬ್ರೆಡ್ಡು ಏನು ಕೊಟ್ಟರೂ ಬಾಯಿ ಬಿಗಿಹಿಡಿಯಿತು. ಅಳುತ್ತ ಚೀಲ ತಡಕಿದಾಗ ನಿನ್ನ ಅಕ್ಕಿಗಂಟು ಕೈಗೆ ಹತ್ತಿತು. ನಾವಿಳಿದಿದ್ದ ಮನೆಯ ಅಜ್ಜಿಯ ಒಲೆಯ ಮೇಲೆ ಗಂಜಿ ಕಾಯಿಸಿದೆ. ಅಕ್ಕಿಯ ಜೊತೆ ನೀನಿಟ್ಟಿದ್ದ ಅರಿಶಿನಕೊಂಬಿನ ವಾಸನೆ ಬಂತು. ಕೂಸು ಬಟ್ಟಲು ಖಾಲಿ ಮಾಡಿ, ಇನ್ನೂ ಬೇಕೆಂದು ಚಮಚ ಬಡಿಯಿತು! ಕಿಟಕಿಯಾಚೆ ಅವರ ದೊಡ್ಡ ಗುಮ್ಮಟ. "ನಮ್ಮ ಗೋಳಗುಮ್ಮಟದ ಮುಂದ ಇದೇನ್ ಬಿಡು" ಎಂದರು ಇವರು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಇದನ್ನು ಮೊದಲು ನಿನಗೇ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಮೊನ್ನೆ ಬಸ್ಸಿಳಿದಾಗ ಚಿಗವ್ವ ಒಬ್ಬಳೇ ನಿಂತಿದ್ದಳು. ನೀನು ಹೋಗಿ ತಿಂಗಳಾಗಿತ್ತು. ಊರೂರು ಅಲೆಯುತ್ತಿದ್ದ ನಮಗೆ ತಂತಿ ಮುಟ್ಟಿರಲಿಲ್ಲ.

ನಾಳೆ ವಿಜಾಪುರದ ಮನೆಗೆ ಹೊರಡುತ್ತೇವೆಂದು ಇವತ್ತು ಚಿಗವ್ವ ಉಡಿ ತುಂಬಿದಳು. "ವಜ್ಜಿ ಆಗೂದಿಲ್ಲೇನವಾ?" ಎಂದು ಅವತ್ತಿನ ನನ್ನ ಮಾತನ್ನೇ ಎತ್ತಿ ಕೆಣಕಿದಳು.

"ಇನ್ನೊಂದ ಬೊಗಸಿ ಹಾಕ, ಚಿಗವ್ವಾ" ಎಂದು ಸೆರಗು ಅಗಲ ಹಿಡಿದೆ.

ನಿನ್ನ ಮಗಳು