ವೈಜಿನಾಥರ ಎಡಗಣ್ಣು

ಬೀದರ, ಫೆಬ್ರುವರಿ ೩೦, ೨೧೯೬

ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳಬೇಕೆಂದು ಯೋಚಿಸುತ್ತಿರುವ ಹಿಂದಿನ ಕಾಲದವರಿಗೆ ಕಸ್ತೂರಬಾಯಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ತಪ್ಪಲ್ಲ. ನಮ್ಮಲ್ಲಿ ಫೆಬ್ರುವರಿಗೆ ಮೂವತ್ತು ದಿನ. ಮೇ ತಿಂಗಳಿನಿಂದ ಕೆಲವು ದಿನ ಕಿತ್ತು ಇದಕ್ಕೆ ಸೇರಿಸಿದರು. ಬೇಸಿಗೆಯ ತಿಂಗಳು ಚಿಕ್ಕದಾದರೆ ಜನಕ್ಕೆ ಸಮಾಧಾನವಾದೀತೆಂದು ಯಾರೋ ಎಣಿಸಿದ್ದರಂತೆ. ಸಮಾಧಾನವೇನೂ ಆಗಲಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ಒಗ್ಗದಿರಬಹುದು. ನಿಮ್ಮ ಬರವಣಿಗೆಯ ಕನ್ನಡವನ್ನು ನಾನು ಹಳೆಯ ಪಾಠಪುಸ್ತಕಗಳಲ್ಲಿ ಕಲಿತವಳು. ತೊಡಕಾದ ಕಡೆ ಮನ್ನಿಸಿ ಮುಂದಕ್ಕೆ ಓದಬೇಕು.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಉತ್ತರ ಬರುವುದಿಲ್ಲ. ಹೆಚ್ಚಿನವರು ಮುತ್ತಜ್ಜ ಮುತ್ತಜ್ಜಿಯರಿಗೆ ಬರೆದು ಆಗಿನ ಮಳೆ ಹೇಗಿತ್ತೆಂದು ಕೇಳುತ್ತಾರೆ. ನೂರು ವರ್ಷಕ್ಕಿಂತ ಈಚಿನ ವಿಳಾಸವನ್ನು ಅಂಚೆಯವರು ತೆಗೆದುಕೊಳ್ಳುವುದಿಲ್ಲ. ಅದನ್ನು ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಆಮೇಲೆ ನಿಮಗೆ ಬರೆಯಲು ಕುಳಿತೆ.

ನಮ್ಮಲ್ಲಿ ಹಗಲು ಎಂಬುದು ಮನೆಯೊಳಗಿನ ಸಂಗತಿ. ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ಓಣಿಯ ಎಲ್ಲ ಕಿಟಕಿಗಳಿಗೂ ದಪ್ಪ ಪರದೆ ಬೀಳುತ್ತದೆ. ಸಂಜೆ ನೆರಳು ಉದ್ದವಾದ ಮೇಲೆಯೇ ಅದು ಮೇಲೇಳುವುದು. ನಡುವಿನ ಆ ಅವಧಿಗೆ ಮುಚ್ಚುಹೊತ್ತು ಎನ್ನುತ್ತೇವೆ. ಅಡುಗೆ, ಶಾಲೆ, ಮದುವೆ ಮಾತುಕತೆ ಎಲ್ಲವೂ ಮುಚ್ಚುಹೊತ್ತಿನಲ್ಲಿ, ದೀಪದಡಿಯಲ್ಲಿ. ಮಕ್ಕಳ ಪಾಲಿಗೆ ಅತಿ ದೂರದ ವಸ್ತುವೆಂದರೆ ಎದುರಿನ ಗೋಡೆ. ದೂರ ನೋಡದ, ಬಯಲ ಬೆಳಕು ಕಾಣದ ಕಣ್ಣು ಒಳಗೊಳಗೇ ಉದ್ದಕ್ಕೆ ಬೆಳೆಯುತ್ತದೆ. ಬೆಳಕು ಕಣ್ಣಿನ ಹಿಂಬದಿಯ ಪರದೆಯ ಮೇಲೆ ಬೀಳುವ ಬದಲು ಅದರ ಮುಂದೆಯೇ ಕೂಡಿಬಿಡುತ್ತದೆ. ಹತ್ತಿರದ್ದು ಚೆನ್ನ, ದೂರದ್ದು ಮಂಜು. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ನಲವತ್ತಕ್ಕೆ ಬರುವಂಥದ್ದು ಎಂದು ಆ ಹೆಸರು. ನಿಮ್ಮ ಕಾಲದಲ್ಲೂ ಇತ್ತಂತೆ. ಈಗ ನಾಲ್ಕು ವರ್ಷದ ಕೂಸಿಗೂ ಚಾಳೀಸು ಇರುತ್ತದೆ, ಹೆಸರು ಹಾಗೇ ಉಳಿದಿದೆ.

ಹದಿನೆಂಟು ತುಂಬಿ, ನಂಬರ್ ಏರುವುದು ನಿಂತ ಮೇಲೆ ಬಹುತೇಕ ಎಲ್ಲರಿಗೂ ಲೇಸರ್ ಮಾಡುತ್ತಾರೆ. ನಿಮ್ಮ ಕಾಲದ ಲೇಸರೇ. ಎಷ್ಟೋ ಯಂತ್ರಗಳು ಬಂದು ಹೋದವು, ಇದು ಉಳಿಯಿತು. ನನಗೂ ಇಪ್ಪತ್ತರಲ್ಲಿ ಮಾಡಿದರು. ಮೊದಲು ಕಾರ್ನಿಯಾದ ದಪ್ಪ ಅಳೆದರು. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದು ತೆಳುವಾಗಿದ್ದರೆ, ಅದರ ಆಕಾರ ಓರೆಯಾಗಿದ್ದರೆ ಮನೆಗೆ ಕಳಿಸುತ್ತಾರೆ, ಯಾರು ಗೋಗರೆದರೂ ಕೇಳುವುದಿಲ್ಲ. ನನ್ನದು ಸರಿಯಾಗಿತ್ತು. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ಕೊಂಡಿ ಇಟ್ಟು, ಕಾರ್ನಿಯಾದ ಮೇಲ್ಪೊರೆಯನ್ನು ಪುಸ್ತಕದ ರಟ್ಟಿನ ಹಾಗೆ ಎತ್ತಿ ಬದಿಗೆ ಮಡಚಿದರು. ಎಲ್ಲ ಮಂಜಾಯಿತು. ಹಸಿರು ಚುಕ್ಕೆಯನ್ನೇ ನೋಡುತ್ತಿರು ಎಂದರು. ಟಿಕಟಿಕ ಸದ್ದು, ಕೂದಲು ಸುಟ್ಟಂಥ ವಾಸನೆ. ಲೇಸರ್ ಕಾರ್ನಿಯಾದ ನಡುವನ್ನು ಕೂದಲೆಳೆಯಷ್ಟು ಸವೆಸಿ ಚಪ್ಪಟೆ ಮಾಡಿತು. ಪೊರೆಯನ್ನು ಮತ್ತೆ ಮುಚ್ಚಿದರು, ಹೊಲಿಗೆ ಹಾಕಲಿಲ್ಲ. ಒಂದು ಹಾಡು ಮುಗಿಯುವಷ್ಟರಲ್ಲಿ ಎದ್ದು ಕೂತಿದ್ದೆ. ಕೆಲವು ತಿಂಗಳು ಕಣ್ಣು ಒಣಗಿ ಉರಿಯುತ್ತಿತ್ತು, ಸಂಜೆ ದೀಪಗಳ ಸುತ್ತ ಬಳೆಗಳು ಕಾಣುತ್ತಿದ್ದವು. ಆಮೇಲೆ ಹೋದವು.

ಲೇಸರ್ ಮಾಡಿಸಿಕೊಳ್ಳದೆ ಉಳಿಯುವವರೂ ಇದ್ದಾರೆ. ಅವರಿಗೆ ಹತ್ತಿರಗಣ್ಣಿನವರು ಎನ್ನುತ್ತೇವೆ. ಸೂಕ್ಷ್ಮ ಕೈಕೆಲಸದವರು ಅವರು. ದೊಡ್ಡ ಮೈನಸ್ ನಂಬರ್ ಇರುವವರು ಚಾಳೀಸು ತೆಗೆದರೆ, ಮೂಗಿನ ತುದಿಗೆ ಹಿಡಿದ ವಸ್ತು ಅವರಿಗೆ ಕಂಡಷ್ಟು ಬೇರೆಯವರಿಗೆ ಕಾಣುವುದಿಲ್ಲ. ವಯಸ್ಸಾದ ಮೇಲೂ ಆ ನೋಟ ಉಳಿಯುತ್ತದೆ. ನನ್ನ ಗಂಡ ವೈಜಿನಾಥರು ಹತ್ತಿರಗಣ್ಣಿನವರು. ಬಿದರಿ ಕೆಲಸ ಅವರದು. ಕರಿಯ ಹೂಜಿ, ತಟ್ಟೆಗಳ ಮೈಯಲ್ಲಿ ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸುವುದು. ಮೈನಸ್ ಏಳು ಅವರ ನಂಬರ್. ಚಾಳೀಸನ್ನು ಹಣೆಯ ಮೇಲೇರಿಸಿ, ಹೂಜಿಯನ್ನು ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದು ಕೂತರೆ, ಮಗಳು ಭಾಗ್ಯವಂತಿ ನಗುತ್ತಿದ್ದಳು: "ಅಪ್ಪ ಹೂಜೀಗಿ ಮುದ್ದ ಕೊಡ್ಲಾಕತ್ತಾನ ನೋಡವ್ವ."

ಇದು ಎರಡು ವರ್ಷದ ಹಿಂದಿನ ಮಾತು, ಭಾಗಿಗೆ ಆಗ ಹದಿನಾರು. ಬಿದರಿಗೆ ಕಪ್ಪು ಬಣ್ಣ ಬರುವುದು ಬೀದರ ಕೋಟೆಯೊಳಗಿನ, ಬಿಸಿಲು ಬೀಳದ ಜಾಗದ ಮಣ್ಣಿನಿಂದ. ಆ ಮಣ್ಣು ತರಲು ತಂದೆ ಮಗಳು ಒಂದು ಸಂಜೆ ಹೋದರು. ನಾನು ಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದೆ.

ಕೋಟೆಯ ಕಂದಕದ ಬಳಿ ಅವರಿಗೆ ಕೆಂಗಾಳಿ ಸಿಕ್ಕಿತು. ಕೆಂಗಾಳಿ ಎಂದರೆ ಕೆಂಪು ಧೂಳಿನ ಬಿರುಗಾಳಿ. ಬಂದಷ್ಟೇ ಬೇಗ ಹೋಗುತ್ತದೆ. ನಮ್ಮವರ ಚಾಳೀಸು ಹಾರಿಹೋಯಿತು. ಭಾಗಿಯ ಕಣ್ಣಿಗೆ ಧೂಳು ತುಂಬಿ, ಅವಳು ತನ್ನ ಚಾಳೀಸು ತೆಗೆದು ಕಣ್ಣುಜ್ಜುತ್ತಿದ್ದಳಂತೆ. ಗಾಳಿ ನಿಂತಿತು, ಆಕಾಶ ತಿಳಿಯಾಯಿತು. ಅವಳು ಹತ್ತು ಹನ್ನೆರಡು ಮಾರು ದೂರದಲ್ಲಿದ್ದಳು. "ಭಾಗೀ, ಇಲ್ಲಿ ಬಾ," ಎಂದು ಇವರು ಕರೆದರು. "ಬಂದೆ ಅಪ್ಪಾ," ಎಂದು ಅವಳು ಇನ್ನೂ ಕಣ್ಣುಜ್ಜುತ್ತಲೇ ನಡೆದಳು. ಇವರಿಗೆ ಕಂಡದ್ದು ಕದಲುವ ಒಂದು ಹಳದಿ ಮಸುಕು, ಅವಳ ಕುಪ್ಪಸದ ಬಣ್ಣ. ಅದು ತನ್ನ ಕಡೆಗೇ ಬರುತ್ತಿದೆ ಎಂದುಕೊಂಡರು. ಕೈ ಚಾಚಿ ನಿಂತಿದ್ದರಂತೆ. ಅವಳು ನಡೆದದ್ದು ಕಂದಕದ ಕಡೆಗೆ.

ಅವಳನ್ನು ಮೇಲೆ ತಂದವರು ಬೇರೆಯವರು. ಮಣ್ಣಿನ ಚೀಲವನ್ನೂ ಅವರೇ ಮನೆಗೆ ತಂದುಕೊಟ್ಟರು.

ನಾನು ಅಳಲಿಲ್ಲ. ಬಂದವರಿಗೆಲ್ಲ ನೀರು ಕೊಟ್ಟೆ. ಕಾಲು ಜೋಮು ಹಿಡಿದಾಗ ಅದು ನಮ್ಮದೇ ಕಾಲು ಎನ್ನಿಸುವುದಿಲ್ಲ. ನನಗೆ ಇಡೀ ಮೈ ಹಾಗಾಗಿತ್ತು. ಈಗಲೂ ಬಹಳ ಮಟ್ಟಿಗೆ ಹಾಗೇ ಇದೆ. ರೊಟ್ಟಿ ತಟ್ಟುತ್ತೇನೆ, ಪರದೆ ಇಳಿಸುತ್ತೇನೆ, ಪರದೆ ಏರಿಸುತ್ತೇನೆ. ಯಾರಾದರೂ ಹೇಗಿದ್ದೀ ಎಂದರೆ ಛಲೋ ಇದ್ದೀನಿ ಎನ್ನುತ್ತೇನೆ. ಸುಳ್ಳು ಹೇಳಿದೆ ಎಂದೂ ಅನ್ನಿಸುವುದಿಲ್ಲ.

ತಿಂಗಳು ಕಳೆಯುವ ಮೊದಲೇ ನಮ್ಮವರು, "ಕಣ್ಣ ಮಾಡಿಸ್ಕೊಳ್ತೀನಿ," ಎಂದರು. ನಾನು ಹೂಂ ಎಂದೆ. ಆಗ ಅವರು ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದೆ.

ಆಸ್ಪತ್ರೆಯ ಡಾಕ್ಟರು ತಹಸೀನ್ ಎಂಬ ಹೆಣ್ಣುಮಗಳು, ನಮ್ಮ ಬೀದರದವರೇ. ಕಾರ್ನಿಯಾ ಅಳೆದು ದಪ್ಪ ಸಾಕು ಎಂದರು. ಆದರೆ ನಮ್ಮವರ ವಯಸ್ಸು, ಕಸುಬು ಕೇಳಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ನಲವತ್ತೇಳ ಆಗ್ಯಾವ ನಿಮಗ. ಕಣ್ಣೊಳಗಿನ ಮಸೂರ ಬಿರುಸಾಗ್ಯದ. ಲೇಸರ್ ಅದಕ್ಕ ಏನೂ ಮಾಡಂಗಿಲ್ಲ, ಅದು ಮ್ಯಾಲಿನ ಕಾರ್ನಿಯಾ ಅಷ್ಟೇ ತಿದ್ದತದ. ದೂರದ್ದು ಬರ್ತದ, ಹತ್ತಿರದ್ದು ಹೋಗ್ತದ. ತಂತಿ ಹಿಡಿದ್ರ ಚಾಳೀಸು ಬೇಕೇ ಬೇಕು. ಆದ್ರೂ ಈಗ ಕಂಡಂಗ ಕಾಣಂಗಿಲ್ಲ. ತಿಳೀತ್ರಿ?"

"ತಿಳೀತ್ರಿ."

"ಒಂದ್ ಕೆಲ್ಸ ಮಾಡೂಣು. ಎಡಗಣ್ಣ ಪೂರಾ ಮಾಡೂದು ಬ್ಯಾಡ, ಸ್ವಲ್ಪ ನಂಬರ್ ಉಳಸ್ತೀನಿ. ಬಲಗಣ್ಣಿಗಿ ದೂರ, ಎಡಗಣ್ಣಿಗಿ ಹತ್ತಿರ. ಮೊದ್ಲ ತೊಡಕ ಅನಸ್ತದ, ಆಮ್ಯಾಲ ಹೊಂದ್ತದ. ಭಾಳ ಮಂದಿ ಹಂಗ ಇದ್ದಾರ."

"ಎರಡೂ ಪೂರಾ ಮಾಡ್ರಿ."

"ನಿಮ್ಮ ಕಸುಬಿಗಿ ಹೇಳ್ಲಾಕತ್ತೀನ್ರಿ ನಾ."

"ಗೊತ್ತದ್ರಿ. ಅರ್ಧಾ ಕಂಡು ಏನ್ ಮಾಡ್ಲಿ? ಎರಡೂ ಮಾಡ್ರಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕಣ್ಣಿನ ಚಿತ್ರ ನೋಡುತ್ತಿದ್ದೆ. ಇಷ್ಟು ವರ್ಷ ಬಿಟ್ಟು ಈಗೇಕೆ ಬಂದಿರಿ ಎಂದು ಅವರು ಕೇಳಲಿಲ್ಲ. ಭಾಗಿಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ, ನಾವಿಬ್ಬರೂ ಹೇಳಲಿಲ್ಲ. ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿದ ಹೆಣ್ಣುಮಗಳು ಆಕೆ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ಲೇಸರ್ ಚೆನ್ನಾಗಿಯೇ ಆಯಿತು. ಮೊದಲ ದಿನ ಕಣ್ಣಲ್ಲಿ ನೀರು, ಮರಳು ಹೊಕ್ಕಂತೆ ಚುಚ್ಚು. ಉಜ್ಜಬೇಡಿ ಎಂದು ಕಣ್ಣಿಗೆ ರಂಧ್ರಗಳಿದ್ದ ಮುಚ್ಚಳ ಕಟ್ಟಿದ್ದರು. ಮರುದಿನ ತಪಾಸಣೆಯಲ್ಲಿ ಗೋಡೆಯ ಮೇಲಿನ ಕಟ್ಟಕಡೆಯ ಸಾಲಿನ ಅಕ್ಷರಗಳನ್ನೂ ಓದಿದರು. ಡಾಕ್ಟರು ಖುಷಿಪಟ್ಟರು. ಧೂಳಿಗೆ ಹೋಗಬಾರದೆಂದು ಹೇಳಿದ ದಿನಗಳು ಮುಗಿದ ಮೇಲೆ, ಒಂದು ಸಂಜೆ ನಮ್ಮವರು ನನ್ನನ್ನು ಕೋಟೆಗೆ ಕರೆದುಕೊಂಡು ಹೋದರು.

ಅವರು ಆ ದಿನ ನಿಂತಿದ್ದ ಜಾಗದಲ್ಲೇ ನಿಂತರು. ನನ್ನನ್ನು ಆಚೆ ಕಳಿಸಿದರು.

"ಅಲ್ಲೇ. ಇನ್ನೊಂದೀಟ ಹಿಂದ. ಹಾಂ, ನಿಂದುರು."

ನಿಂತೆ. ಬೆನ್ನ ಹಿಂದೆ ಕಂದಕವಿತ್ತು. ನನಗೆ ಹೆದರಿಕೆಯೂ ಆಗಲಿಲ್ಲ.

"ಕಾಣಸ್ತದೇನ್ರಿ?" ಎಂದೆ.

"ಕಾಣಸ್ತದ. ನಿನ್ನ ಮೂಗಬಟ್ಟು ಕಾಣಸ್ತದ. ಹಲ್ಲ ಕಚ್ಚಿದ್ದು ಕಾಣಸ್ತದ." ಕಂದಕದ ಅಂಚಿನತ್ತ ಕೈ ಮಾಡಿದರು. "ಯಾವ ಕಡೀಗಿ ಕಾಲ ಇಟ್ಟರೂ ಕಾಣಸ್ತದ. ಬಾ ಇನ್ನ."

ಮರುದಿನ ಅವರು ಕೆಲಸಕ್ಕೆ ಕೂತು ಹೂಜಿಯನ್ನು ಎಂದಿನಂತೆ ಮುಖದ ಹತ್ತಿರ ತಂದರು. ದೂರ ಹಿಡಿದರು. ಮತ್ತೆ ಹತ್ತಿರ ತಂದರು. ತಂತಿ ಗೆರೆಯೊಳಗೆ ಹೋಗದೆ ಮೇಲೆಯೇ ಜಾರಿತು. ನಾನು ಒರೆಸುವ ಬಟ್ಟೆ ಹಿಡಿದು ಅಲ್ಲೇ ಕೂತಿದ್ದೆ.

"ಡಾಕ್ಟರಮ್ಮ ಹೇಳಿದ್ರಲ್ರಿ. ಹತ್ತಿರದ ಚಾಳೀಸು ಹಾಕೊಳ್ರಿ."

"ಹೇಳಿದ್ರು. ತಿಳದೇ ಮಾಡಿಸೀನಿ."

ನನಗೆ ಅರ್ಥವಾಗಲಿಲ್ಲ. ಅವರು ಹೂಜಿ ಕೆಳಗಿಟ್ಟರು.

"ಈ ಕೆಲ್ಸಕ್ಕೇ ಅಲ್ಲೇನು ನಾ ಕಣ್ಣ ಹಂಗ ಇಟ್ಕೊಂಡದ್ದು? ಇಪ್ಪತ್ತರಾಗ ಎಲ್ಲಾರೂ ಮಾಡಿಸ್ಕೊಂಡ್ರು. ನಾ ತಂತಿ ಸಲುವಾಗಿ ಬಿಟ್ಟೆ. ತಂತಿ ಉಳೀತು, ಅಕಿ ಹೋದ್ಳು. ಇನ್ನ ತಂತಿ ಯಾಕ ಬೇಕ ನನಗ?"

ಆಗ ತಿಳಿಯಿತು. ಆಸ್ಪತ್ರೆಯ ಆ ಕೋಣೆಯಲ್ಲಿ ಡಾಕ್ಟರ ಮಾತನ್ನು ಪೂರ್ತಿ ತಿಳಿದುಕೊಂಡವರು ಅವರೊಬ್ಬರೇ. ದೂರದ್ದನ್ನು ಪಡೆಯಲು ಹೋಗಿದ್ದರೆಂದು ನಾನು ಎಣಿಸಿದ್ದೆ. ಅವರು ಹತ್ತಿರದ್ದನ್ನು ಕಳೆದುಕೊಳ್ಳಲೂ ಹೋಗಿದ್ದರು. ಒಮ್ಮೆ ಸವೆಸಿದ ಕಾರ್ನಿಯಾ ಮತ್ತೆ ಬೆಳೆಯುವುದಿಲ್ಲ.

ಆ ವರ್ಷವಿಡೀ ಅವರು ಉಳಿ ಮುಟ್ಟಲಿಲ್ಲ. ಮುಚ್ಚುಹೊತ್ತಿನಲ್ಲಿ ಮಲಗಿರುತ್ತಿದ್ದರು. ಪರದೆ ಎದ್ದ ಮೇಲೆ ಮಾಳಿಗೆ ಹತ್ತಿ ಬಯಲು ನೋಡುತ್ತಿದ್ದರು. ಹತ್ತಿರದ ಚಾಳೀಸು ಡಬ್ಬಿಯಲ್ಲೇ ಇತ್ತು. ಊಟದ ತಟ್ಟೆಯಲ್ಲಿ ಏನಿದೆ ಎಂದು ನಾನು ಹೇಳುತ್ತಿರಲಿಲ್ಲ, ಅವರು ಕೇಳುತ್ತಿರಲಿಲ್ಲ. ನಾನು ಹಳೆಯ ತಟ್ಟೆಗಳನ್ನು ಉಜ್ಜಿ ಮೆರುಗು ಕೊಟ್ಟು ಅಂಗಡಿಗೆ ಕಳಿಸುತ್ತಿದ್ದೆ. ಇಬ್ಬರಿಗೂ ಅದೇ ಬದುಕು ಎನ್ನಿಸತೊಡಗಿತ್ತು.

ಹೋದ ಮಳೆಗಾಲದಲ್ಲಿ (ನಮ್ಮಲ್ಲಿ ಆ ಹೆಸರಿನ ಹದಿನೈದು ದಿನಗಳಿವೆ) ತಟ್ಟೆ ಉಜ್ಜುವಾಗ ಬೆಳ್ಳಿಯ ಸಿಬಿರು ನನ್ನ ಬಲಗೈ ಹೆಬ್ಬೆರಳಿಗೆ ಹೊಕ್ಕಿತು. ಎಡಗೈಯಿಂದ ತೆಗೆಯಲಾಗಲಿಲ್ಲ. ಬೆರಳು ಬಾತು, ರೊಟ್ಟಿ ತಟ್ಟಲಾಗದೆ ಎರಡು ದಿನ ಗಂಜಿ ಮಾಡಿದೆ. ಗಂಜಿ ಯಾಕೆ ಎಂದರು. ಕೈ ಚಾಚಿದೆ. ಹಿಡಿದು ಹತ್ತಿರ ತಂದರು, ದೂರ ಹಿಡಿದರು. ಕಾಣಲಿಲ್ಲ.

"ಭಾಳ ನೋಯ್ತದೇನು?"

"ಗೊತ್ತಾಗವಲ್ದು," ಎಂದೆ. ಅದು ನಿಜವಾಗಿತ್ತು.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಎದ್ದು ಹೋಗಿ ಡಬ್ಬಿ ತಂದರು. ಚಾಳೀಸು ಹಾಕಿಕೊಂಡು, ಸೂಜಿ ಕಾಯಿಸಿ, ದೀಪದ ಕೆಳಗೆ ನನ್ನ ಬೆರಳು ಹಿಡಿದರು. ಸಿಬಿರು ಬಂತು. ಬಿಟ್ಟುಬಿಡುತ್ತಾರೆ ಎಂದುಕೊಂಡೆ, ಬಿಡಲಿಲ್ಲ. ಅಂಗೈಯನ್ನು ತಿರುಗಿಸಿ ನೋಡುತ್ತಿದ್ದರು.

"ಕಸ್ತೂರಿ, ಇಷ್ಟ ಯಾವಾಗ ಸೀಳ್ಯಾವ ನಿನ್ನ ಕೈ?"

ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬೆರಳು ನೋಯುತ್ತಿತ್ತು, ಬಹಳ ದಿನಗಳ ಮೇಲೆ ನನಗೆ ನೋವು ಗೊತ್ತಾಗುತ್ತಿತ್ತು.

ಈಗ ಅವರು ಆ ಚಾಳೀಸು ಹಾಕಿಕೊಂಡು ದಿನಕ್ಕೆ ಸ್ವಲ್ಪ ಹೊತ್ತು ಕೆಲಸಕ್ಕೆ ಕೂರುತ್ತಾರೆ. ದಪ್ಪ ಗೆರೆಯ ಸಾದಾ ತಟ್ಟೆಗಳಷ್ಟೇ. ಮೊದಲಿನ ಬಳ್ಳಿ, ಮೊದಲಿನ ಎಲೆಯ ನರ ಅವರ ಕೈಯಿಂದ ಇನ್ನು ಬರುವುದಿಲ್ಲ. ಅವರಿಗದು ಗೊತ್ತು, ಅಂಗಡಿಯವರಿಗೂ ಗೊತ್ತು.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ನಿಮ್ಮ ಕಾಲದಲ್ಲಿ ಹಗಲು ಹೊತ್ತು ಮಕ್ಕಳನ್ನು ಬಯಲಿಗೆ ಬಿಡಬಹುದಂತೆ, ಬಿಡಿ. ಲೇಸರ್ ಮಾಡಿಸಿಕೊಳ್ಳುವವರು ಹೆದರಬೇಕಿಲ್ಲ, ನನ್ನ ಕಣ್ಣು ಇಪ್ಪತ್ತು ವರ್ಷಗಳಿಂದ ಚೆನ್ನಾಗಿದೆ. ಕಾರ್ನಿಯಾ ಅಳೆಸಿ, ನಂಬರ್ ನಿಂತಿದೆಯೇ ನೋಡಿ, ಬೆಳಗಿನಿಂದ ಸಂಜೆಯವರೆಗೆ ಕಣ್ಣಿನಿಂದ ಏನು ಕೆಲಸ ತೆಗೆದುಕೊಳ್ಳುತ್ತೀರಿ ಎಂಬುದನ್ನು ಡಾಕ್ಟರಿಗೆ ಹೇಳಿ. ನಿಮ್ಮಲ್ಲಿ ಯಾರಾದರೂ ಕಣ್ಣಿನ ಡಾಕ್ಟರಾಗಿದ್ದರೆ, ಬಹಳ ವರ್ಷ ಬೇಡವೆಂದಿದ್ದವನೊಬ್ಬ ಒಮ್ಮೆಲೇ ಬಂದು ಎರಡೂ ಪೂರಾ ಮಾಡಿ ಎಂದರೆ, ಯಂತ್ರ ಹಚ್ಚುವ ಮೊದಲು ಅವನನ್ನು ಕೂರಿಸಿ. ಜೊತೆಗೆ ಬಂದವಳು ಗೋಡೆ ನೋಡುತ್ತಿದ್ದರೆ ಅವಳನ್ನೂ ಕೂರಿಸಿ. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳಿ. ಛಲೋ ಇದ್ದಾರೆ ಎಂದರೆ, ಇನ್ನೊಮ್ಮೆ ಕೇಳಿ.

ಇತಿ,
ಕಸ್ತೂರಬಾಯಿ